ದೀಪದ ಬುಡದ ಕತ್ತಲೆ: ಲಾಟೀನಿನ ಎಣ್ಣೆಬುಡ್ಡಿ ರೂಪುಗೊಂಡ ಬಗೆ

ಎಣ್ಣೆ ದೀಪವೊಂದರಲ್ಲಿ ಉರಿ, ಬತ್ತಿ ಮತ್ತು ಎಣ್ಣೆಯ ಸಂಗ್ರಹ ಎಂಬ ಮೂರು ಅಂಗಗಳಿದ್ದರೂ, ದೀಪಗಳ ಚರಿತ್ರೆಯನ್ನು ಬರೆದವರ ಕಣ್ಣು ಬಹುಮಟ್ಟಿಗೆ ಉರಿಯ ಮೇಲೆಯೇ ನೆಟ್ಟಿರುವುದರಿಂದ, ಬೆಳಕು ಎಷ್ಟು ಪಟ್ಟು ಹೆಚ್ಚಿತು, ಹೊಗೆ ಎಷ್ಟು ತಗ್ಗಿತು ಎಂಬ ಲೆಕ್ಕಗಳು ಮುಂದೆ ಬಂದು, ಎಣ್ಣೆಯನ್ನು ಹಿಡಿದಿಡುವ ಪಾತ್ರೆ ಹಿಂದೆ ಸರಿದಿದೆ. ಆದರೆ 18ನೆಯ ಶತಮಾನದ ಕೊನೆಯಿಂದ 20ನೆಯ ಶತಮಾನದ ಆರಂಭದವರೆಗೆ ದೀಪದ ಸುಧಾರಣೆಗೆಂದು ನಡೆದ ಪ್ರಯತ್ನಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಅವುಗಳಲ್ಲಿ ದೊಡ್ಡ ಪಾಲು ಈ ಪಾತ್ರೆಯನ್ನು ಎಲ್ಲಿಡಬೇಕು, ಅದಕ್ಕೆ ಯಾವ ಆಕಾರ ಕೊಡಬೇಕು, ಅದರ ಅಂಚುಗಳನ್ನು ಹೇಗೆ ಕೂಡಿಸಬೇಕು ಎಂಬ ಪ್ರಶ್ನೆಗಳಿಗೇ ಸಂದದ್ದು ಕಾಣುತ್ತದೆ. ಲಾಟೀನಿನ ತಳದಲ್ಲಿ ಕುಳಿತಿರುವ ಚಪ್ಪಟೆಯಾದ ಬುಡ್ಡಿ ಯಾರೋ ಒಬ್ಬ ಕುಶಲಿಗೆ ಒಂದು ದಿನ ಹೊಳೆದ ಆಕಾರವಲ್ಲ. ಅದರೊಳಗೆ ಸುರಿಯುವ ಎಣ್ಣೆಯ ಗುಣ ಬದಲಾದಂತೆಲ್ಲ ಬುಡ್ಡಿಯ ಜಾಗವೂ ಆಕಾರವೂ ಬದಲಾಗುತ್ತ ಬಂದು, ಸೀಮೆಎಣ್ಣೆಯ ಕಾಲದಲ್ಲಿ ಅದು ನೆಲೆಗೊಂಡಿತು.

ಹಣತೆಯಲ್ಲಿ ಸಂಗ್ರಹಕ್ಕೂ ಉರಿಗೂ ನಡುವೆ ಅಂತರವೇ ಇಲ್ಲ. ತೆರೆದ ತಟ್ಟೆಯ ಅಂಚಿಗೆ ಒರಗಿದ ಬತ್ತಿ ಬೆರಳಗಲದಷ್ಟು ಆಳದಿಂದ ಎಣ್ಣೆಯನ್ನು ಹೀರಿಕೊಳ್ಳುತ್ತದೆ, ಉರಿಯ ಶಾಖ ಪಕ್ಕದ ಎಣ್ಣೆಯನ್ನು ಬೆಚ್ಚಗಾಗಿಸಿ ತೆಳುವಾಗಿಸುತ್ತದೆ, ಎಣ್ಣೆ ಇಳಿದಂತೆ ಬತ್ತಿಯ ಏರುದಾರಿ ಉದ್ದವಾಗಿ ಬೆಳಕು ಮಂಕಾಗುತ್ತದೆ. ಆಗ ಯಾರಾದರೂ ಬಂದು ಎಣ್ಣೆ ಎರೆದು, ಬತ್ತಿಯನ್ನು ಮುಂದೂಡಿ, ಕುಡಿ ಚಿವುಟಬೇಕು. ಹರಳೆಣ್ಣೆ, ಹೊಂಗೆ ಎಣ್ಣೆ, ಕರಾವಳಿಯ ಹೊನ್ನೆ ಎಣ್ಣೆ, ಹಿಪ್ಪೆ ಎಣ್ಣೆ, ಇವೆಲ್ಲ ದಪ್ಪನೆಯ ಎಣ್ಣೆಗಳಾದ್ದರಿಂದ ಉರಿಗೂ ಎಣ್ಣೆಗೂ ಇದಕ್ಕಿಂತ ಹೆಚ್ಚಿನ ದೂರವನ್ನು ಅವು ಸಹಿಸುತ್ತಿರಲಿಲ್ಲ. ಹೀಗಾಗಿ ಹಳೆಯ ಕನ್ನಡ ನಾಡಿನಲ್ಲಿ ಎಣ್ಣೆಯ ನಿಜವಾದ ಸಂಗ್ರಹ ದೀಪದ ಒಳಗಿರದೆ ಹೊರಗಿರುತ್ತಿತ್ತು ಎನ್ನಬೇಕು. ದೇವಾಲಯದ ನಂದಾದೀವಿಗೆ, ಎಂದರೆ ಆರದಂತೆ ನೋಡಿಕೊಳ್ಳಬೇಕಾದ ದೀಪ, ಉರಿಯುವುದಕ್ಕಾಗಿ ಗಾಣವನ್ನೋ ಗಾಣದ ಎಣ್ಣೆಯಲ್ಲಿ ಒಂದು ಪಾಲನ್ನೋ ಬಿಟ್ಟುಕೊಟ್ಟ ದತ್ತಿಗಳು ಕನ್ನಡ ಶಾಸನಗಳಲ್ಲಿ ಹೇರಳವಾಗಿ ಸಿಗುತ್ತವೆ. ದೀಪದ ತಟ್ಟೆ ಎಷ್ಟೇ ಚಿಕ್ಕದಾಗಿದ್ದರೂ ಅದರ ಹಿಂದೆ ಗಾಣಿಗನ ದುಡಿಮೆ, ಎಣ್ಣೆ ಎರೆಯುವವನ ಸರದಿ ಮತ್ತು ಕಲ್ಲಿನಲ್ಲಿ ಕೆತ್ತಿದ ಕಟ್ಟಳೆ ನಿಂತಿದ್ದವು. ದೀವಟಿಗೆಯ ಸಂಗತಿಯಲ್ಲಿ ಇದು ಇನ್ನೂ ನೇರವಾಗಿ ತೋರುತ್ತದೆ. ಬಟ್ಟೆ ಸುತ್ತಿದ ಕೋಲನ್ನು ಒಂದು ಕೈಯಲ್ಲಿ ಹಿಡಿದವನು ಇನ್ನೊಂದು ಕೈಯ ಪಾತ್ರೆಯಿಂದ ಆಗಾಗ ಎಣ್ಣೆ ಎರೆಯುತ್ತ ನಡೆಯುತ್ತಿದ್ದನಾದ್ದರಿಂದ, ಇಡೀ ದೀಪದ ಎಣ್ಣೆಬುಡ್ಡಿ ಆ ಮನುಷ್ಯನೇ ಆಗಿದ್ದನು.

ಮನುಷ್ಯನ ಈ ಕೆಲಸವನ್ನು ಪಾತ್ರೆಗೇ ವಹಿಸುವ ಯೋಚನೆ ಹೊಸದೇನಲ್ಲ. ಮುಂಬಯಿಯ ಜೋಗೇಶ್ವರಿ ಗುಹೆಗಳ ಬಳಿ ದೊರೆತ, ಸುಮಾರು 8-9ನೆಯ ಶತಮಾನದ್ದೆಂದು ಎಣಿಸಲಾದ ಕಂಚಿನ ತೂಗುದೀಪದಲ್ಲಿ ಆನೆಯ ಒಡಲೇ ಎಣ್ಣೆಯ ಸಂಗ್ರಹವಾಗಿದ್ದು, ಕೆಳಗಿನ ತಟ್ಟೆಯಲ್ಲಿ ಎಣ್ಣೆ ತಗ್ಗಿದಾಗ ಮೇಲಿನಿಂದ ತಾನಾಗಿ ಇಳಿಯುವಂತೆ ಅದನ್ನು ರೂಪಿಸಲಾಗಿದೆ. ಅಲೆಕ್ಸಾಂಡ್ರಿಯದ ಹೀರೋ ತೇಲುಬುರುಡೆಯ ನೆರವಿನಿಂದ ಬತ್ತಿ ತಾನಾಗಿ ಮುಂದೆ ಸರಿಯುವ ದೀಪವನ್ನು ವಿವರಿಸಿದ್ದನು. 9ನೆಯ ಶತಮಾನದ ಬಾಗ್ದಾದಿನ ಬನೂ ಮೂಸಾ ಸಹೋದರರ ಯಂತ್ರಗ್ರಂಥದಲ್ಲಿ ತಾನೇ ಎಣ್ಣೆ ತುಂಬಿಕೊಳ್ಳುವ ದೀಪಗಳಿವೆ. 16ನೆಯ ಶತಮಾನದ ಇಟಲಿಯ ಗಣಿತಜ್ಞ ಗಿರೊಲಾಮೊ ಕಾರ್ಡಾನೊನ ಹೆಸರಿನಲ್ಲಿ ಒಂದು ದೀಪವೇ ಪ್ರಸಿದ್ಧವಾಗಿದೆ. ಇವುಗಳಲ್ಲಿ ಹೆಚ್ಚಿನವು ನೆಚ್ಚಿದ್ದು ಗಾಳಿಯ ಒತ್ತಡದ ಒಂದು ಸರಳ ಗುಣವನ್ನು. ನೀರು ತುಂಬಿದ ಬಾಟಲಿಯನ್ನು ಬೋರಲಾಗಿಸಿ ಅದರ ಬಾಯಿಯನ್ನು ತಟ್ಟೆಯ ನೀರಿನಲ್ಲಿ ಅದ್ದಿಟ್ಟರೆ ಕೋಳಿಮರಿಗಳು ಕುಡಿದಷ್ಟೇ ನೀರು ಕೆಳಗಿಳಿಯುವಂತೆ, ಮೇಲೆ ಮುಚ್ಚಿದ ಪಾತ್ರೆಯ ಬಾಯಿ ಎಣ್ಣೆಯಲ್ಲಿ ಮುಳುಗಿರುವವರೆಗೆ ಎಣ್ಣೆ ಹೊರಬರುವುದಿಲ್ಲ. ಮಟ್ಟ ತಗ್ಗಿ ಬಾಯಿ ತೆರೆದುಕೊಂಡೊಡನೆ ಒಂದು ಗುಳ್ಳೆ ಗಾಳಿ ಒಳಹೋಗಿ ಅಷ್ಟೇ ಎಣ್ಣೆ ಹೊರಬರುತ್ತದೆ. ಉರಿಯ ಬಳಿ ಎಣ್ಣೆಯ ಮಟ್ಟ ಸದಾ ಒಂದೇ ಆಗಿರಬೇಕೆಂಬುದು ಈ ತಂತ್ರದ ಗುರಿಯಾಗಿತ್ತು.

ಈ ಗುರಿಗೆ ಅಷ್ಟೊಂದು ಮಹತ್ವ ಬಂದದ್ದೇಕೆ ಎಂಬುದಕ್ಕೆ ಬತ್ತಿಯ ಕೆಲಸವನ್ನು ಸ್ವಲ್ಪ ತಿಳಿಯಬೇಕಾಗುತ್ತದೆ. ಬತ್ತಿಯ ನೂಲುಗಳ ನಡುವಿನ ಸೂಕ್ಷ್ಮ ಸಂದುಗಳಲ್ಲಿ ದ್ರವ ತಾನಾಗಿ ಮೇಲೇರುವುದನ್ನು ಕೇಶಾಕರ್ಷಣೆ ಎನ್ನುತ್ತಾರೆ. ಹಿಂಡಿ ತೆಗೆದ ಎಣ್ಣೆಗೂ ಸೀಮೆಎಣ್ಣೆಗೂ ಈ ಸೆಳೆತದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ; ಕಾದು ಕುಳಿತರೆ ಎರಡೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಏರಬಲ್ಲವು. ವ್ಯತ್ಯಾಸವಿರುವುದು ಏರುವ ವೇಗದಲ್ಲಿ. ದ್ರವ ಹರಿಯುವಾಗ ತನ್ನೊಳಗೇ ಒಡ್ಡುವ ಅಡ್ಡಿಗೆ ಸ್ನಿಗ್ಧತೆ ಎಂದು ಹೆಸರು. ಯುರೋಪಿನ ದೀಪಗಳಲ್ಲಿ ಉರಿಯುತ್ತಿದ್ದ ಕೋಲ್ಜಾ ಎಣ್ಣೆ, ಎಂದರೆ ಸಾಸಿವೆಯ ಕುಲಕ್ಕೆ ಸೇರಿದ ಬೀಜದಿಂದ ತೆಗೆದ ಎಣ್ಣೆ, ಸೀಮೆಎಣ್ಣೆಗಿಂತ ಮೂವತ್ತು ನಲವತ್ತು ಪಟ್ಟು ಸ್ನಿಗ್ಧವಾದುದು, ಹರಳೆಣ್ಣೆಯಾದರೆ ಕೆಲವು ನೂರು ಪಟ್ಟು. ಉರಿ ಬೇಡುವಷ್ಟು ಎಣ್ಣೆ ಆ ಹೊತ್ತಿನಲ್ಲೇ ತುದಿಗೆ ತಲುಪದಿದ್ದರೆ ಬತ್ತಿಯೇ ಸುಟ್ಟು ಕರಿಗಟ್ಟುತ್ತದೆ. ಆದ್ದರಿಂದ ದಪ್ಪ ಎಣ್ಣೆಯ ಯುಗದಲ್ಲಿ ಸಂಗ್ರಹವನ್ನು ಉರಿಯ ಮಟ್ಟಕ್ಕೆ, ಇಲ್ಲವೇ ಅದಕ್ಕಿಂತ ಮೇಲೆ ಇಡುವುದು ಅನಿವಾರ್ಯವಾಗಿತ್ತು.

ಜಿನೀವಾದ ಎಮೆ ಆರ್ಗಾಂಡ್ 1780ರ ಸುಮಾರಿಗೆ ರೂಪಿಸಿ 1784ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ದೀಪ ಈ ಅನಿವಾರ್ಯವನ್ನು ಬಯಲಿಗೆ ತಂದಿತು. ಕೊಳವೆಯಂತೆ ಸುತ್ತಿದ ಬತ್ತಿಯ ಒಳಗೂ ಹೊರಗೂ ಗಾಳಿಯಾಡುವಂತೆ ಮಾಡಿ, ಅದರ ಸುತ್ತ ಚಿಮಣಿಯನ್ನು ನಿಲ್ಲಿಸಿದ್ದು ಆರ್ಗಾಂಡನ ಸಾಧನೆಯೆಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಆದರೆ ಹಾಗೆ ಹಿಗ್ಗಿದ ಉರಿಯ ಹಸಿವನ್ನು ತಣಿಸಲು ಪಕ್ಕದಲ್ಲಿ ಎತ್ತರಿಸಿ ನಿಲ್ಲಿಸಿದ ಬೋರಲು ಪಾತ್ರೆಯೊಂದು ಬೇಕಾಯಿತು ಎಂಬುದು ಅಷ್ಟಾಗಿ ಹೇಳಿಕೆಗೆ ಬರುವುದಿಲ್ಲ. ಆ ಪಾತ್ರೆ ಉರಿಗೆ ಸರಿಸಮವಾಗಿ ನಿಂತು, ಕೋಣೆಯ ಒಂದು ದಿಕ್ಕಿಗೆ ಗಾಢವಾದ ನೆರಳನ್ನು ಚೆಲ್ಲುತ್ತಿತ್ತು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಹಣತೆಗೆ ಒಪ್ಪುತ್ತದೆ. ಆರ್ಗಾಂಡನ ದೀಪದಲ್ಲಿ ಕತ್ತಲೆ ಬುಡವನ್ನು ಬಿಟ್ಟು ಪಕ್ಕಕ್ಕೆ ಬಂದು ನಿಂತಿತ್ತು. ಊಟದ ಮೇಜಿನ ನಡುವೆ ಇಡಬೇಕಾದ ದೀಪ ಒಬ್ಬ ಅತಿಥಿಯನ್ನು ಕತ್ತಲಲ್ಲಿ ಕೂರಿಸುವುದು ಶ್ರೀಮಂತರ ಮನೆಗಳಲ್ಲಿ ಸಣ್ಣ ಸಮಸ್ಯೆಯಾಗಿರಲಿಲ್ಲ.

ಮುಂದಿನ ಐವತ್ತು ವರ್ಷಗಳ ದೀಪ ತಯಾರಿಕೆಯನ್ನು ಈ ನೆರಳಿನ ವಿರುದ್ಧ ನಡೆದ ಹೋರಾಟವೆಂದು ಕರೆದರೆ ತಪ್ಪಾಗಲಾರದು. ಆರ್ಗಾಂಡನ ಉತ್ತರಾಧಿಕಾರಿ ಬೋರ್ದಿಯೆ-ಮಾರ್ಸೆ 19ನೆಯ ಶತಮಾನದ ಮೊದಲ ದಶಕದಲ್ಲಿ ಸಂಗ್ರಹವನ್ನು ಒಂದು ಟೊಳ್ಳು ಬಳೆಯಾಗಿ ಉರಿಯ ಸುತ್ತ ಹರಡಿ, ಅದರ ಮೇಲೆಯೇ ಗಾಜಿನ ಛತ್ರವನ್ನು ಕೂರಿಸಿದನು. ಇದು ಆಸ್ಟ್ರಲ್ ದೀಪವೆಂದು ಹೆಸರಾಯಿತು. ಬಳೆಯ ದಪ್ಪ ಅಂಚೂ ತೆಳುವಾದ ನೆರಳುಪಟ್ಟಿಯನ್ನು ಬಿಡುತ್ತಿದ್ದುದರಿಂದ, 1820ರ ಸುಮಾರಿಗೆ ಬಂದ ಸಿನಂಬ್ರಾ ದೀಪದಲ್ಲಿ ಬಳೆಯ ಅಡ್ಡಕೊಯ್ತವನ್ನು ಬೆಣೆಯ ಆಕಾರಕ್ಕೆ ತಂದು, ಉರಿಯಿಂದ ಹೊರಟ ಕಿರಣಗಳು ಅದರ ಓರೆಗೆ ಸವರಿಕೊಂಡು ಹೋಗುವಂತೆ ಮಾಡಲಾಯಿತು. ಎಣ್ಣೆಯ ಡಬ್ಬಿಯೊಂದರ ಅಂಚನ್ನು ಬೆಳಕಿನ ಜ್ಯಾಮಿತಿಗೆ ಹೊಂದಿಸಿ ಕತ್ತರಿಸಿದ ಈ ಕೆಲಸದ ಅಚ್ಚುಕಟ್ಟು ಮೆಚ್ಚುವಂಥದು. ಸೀಮೆಎಣ್ಣೆ ಬರುತ್ತಲೇ ಅದು ಗುರುತಿಲ್ಲದಂತೆ ಮರೆಯಾಯಿತೆಂಬುದು ಬೇರೆ ಮಾತು.

ಇನ್ನೊಂದು ದಾರಿ ಸಂಗ್ರಹವನ್ನು ಕೆಳಕ್ಕಿಳಿಸಿ, ಎಣ್ಣೆಯನ್ನು ಬಲವಂತವಾಗಿ ಮೇಲಕ್ಕೆ ಕಳುಹಿಸುವುದಾಗಿತ್ತು. ಪ್ಯಾರಿಸ್ಸಿನ ಗಡಿಯಾರ ತಯಾರಕ ಬರ್ನಾರ್ ಗೀಯೋಮ್ ಕಾರ್ಸೆಲ್ 1800ರಲ್ಲಿ ದೀಪದ ಪೀಠದೊಳಗೆ ಗಡಿಯಾರದ ಸ್ಪ್ರಿಂಗಿನಿಂದ ನಡೆಯುವ ಪುಟ್ಟ ಪಂಪನ್ನಿಟ್ಟು, ಉರಿಗೆ ಬೇಕಾದುದಕ್ಕಿಂತ ಹೆಚ್ಚು ಎಣ್ಣೆಯನ್ನು ಬತ್ತಿಗೆ ಉಣಿಸಿ, ಉಳಿದದ್ದು ಮತ್ತೆ ಪೀಠಕ್ಕೆ ಹರಿದುಬರುವಂತೆ ಮಾಡಿದನು. ಅದರ ಬೆಳಕು ಎಷ್ಟು ನಿಶ್ಚಲವಾಗಿತ್ತೆಂದರೆ, ಗಂಟೆಗೆ 42 ಗ್ರಾಂ ಕೋಲ್ಜಾ ಎಣ್ಣೆಯನ್ನು ಸುಡುವ ಕಾರ್ಸೆಲ್ ದೀಪವೇ ಫ್ರಾನ್ಸಿನಲ್ಲಿ ಬೆಳಕನ್ನು ಅಳೆಯುವ ಮೂಲಮಾನವಾಯಿತು. ಆದರೆ ಅದು ದುಬಾರಿ, ಕೆಟ್ಟರೆ ಗಡಿಯಾರದವನ ಬಳಿಗೇ ಒಯ್ಯಬೇಕು. 1830ರ ದಶಕದಲ್ಲಿ ಫ್ರಾಂಶೋ ಎಂಬವನು ಪಂಪಿನ ಬದಲು ಸ್ಪ್ರಿಂಗಿನಿಂದ ಒತ್ತಲ್ಪಡುವ ಒಂದು ಕೊಂತವನ್ನು ಎಣ್ಣೆಯ ಮೇಲಿಟ್ಟು, ಸ್ಪ್ರಿಂಗ್ ಸಡಿಲಾದಂತೆ ಎಣ್ಣೆಯ ದಾರಿಯನ್ನು ಹಿಗ್ಗಿಸುವ ಸೂಜಿಯೊಂದನ್ನು ಕೊಳವೆಯೊಳಗೆ ಇಳಿಬಿಟ್ಟು, ಹರಿವನ್ನು ಹದದಲ್ಲಿಟ್ಟನು. ಮಾಡರೇಟರ್ ಎಂದು ಹೆಸರಾದ ಈ ದೀಪ ಅಗ್ಗವಾಗಿದ್ದು, ಮಧ್ಯಮ ವರ್ಗದ ಮನೆಗಳನ್ನು ಹೊಕ್ಕಿತು. ದಪ್ಪ ಎಣ್ಣೆಯೊಂದಿಗೆ ಮನುಷ್ಯನ ಜಾಣ್ಮೆ ಇದಕ್ಕಿಂತ ಮುಂದೆ ಹೋಗಲಿಲ್ಲ. ಇದಾದ ಮೇಲೆ ಬದಲಾದದ್ದು ಎಣ್ಣೆಯೇ.

ತೆಳುವಾದ ಇಂಧನದ ಮೊದಲ ಅನುಭವ ಭಯಾನಕವಾಗಿತ್ತು. 1830ರ ನಂತರ ಅಮೆರಿಕದಲ್ಲಿ ಟರ್ಪೆಂಟೈನ್ ಮತ್ತು ಮದ್ಯಸಾರದ ಮಿಶ್ರಣ ಅಗ್ಗದ ದೀಪದೆಣ್ಣೆಯಾಗಿ ಹರಡಿತು. ಸುಲಭವಾಗಿ ಆವಿಯಾಗುವ ಈ ದ್ರವವನ್ನು ತುಂಬಿದ ದೀಪಗಳು ಸಿಡಿದು ಸಾವುನೋವುಗಳಾದುದರಿಂದ, ಉರಿಯ ಶಾಖ ಸಂಗ್ರಹಕ್ಕೆ ತಲುಪದಿರಲೆಂದು ಬತ್ತಿಯ ಕೊಳವೆಗಳನ್ನು ಉದ್ದ ಮಾಡಿ, ಒಂದರಿಂದೊಂದು ದೂರ ಬಾಗಿಸಿ, ಆರಿಸುವುದಕ್ಕೆ ಸರಪಳಿಯಲ್ಲಿ ಟೊಪ್ಪಿಗೆಗಳನ್ನು ಕಟ್ಟುವ ರೂಢಿ ಬಂತು. ಎಣ್ಣೆಯನ್ನು ಉರಿಯ ಹತ್ತಿರಕ್ಕೆ ತರುವುದೇ ಅದುವರೆಗಿನ ಚಿಂತೆಯಾಗಿದ್ದರೆ, ಇಲ್ಲಿಂದ ಮುಂದೆ ಎರಡನ್ನೂ ದೂರವಿಡುವ ಚಿಂತೆ ಅದರೊಂದಿಗೆ ಸೇರಿಕೊಂಡಿತು.

ಕೆನಡಾದ ಏಬ್ರಹಾಂ ಗೆಸ್ನರ್ 1846ರಲ್ಲಿ ಕಲ್ಲಿದ್ದಲಿನಿಂದ ಬಟ್ಟಿಯಿಳಿಸಿದ ಎಣ್ಣೆಯ, ಎಂದರೆ ಸೀಮೆಎಣ್ಣೆಯ, ಬೆಳಕನ್ನು ಪ್ರದರ್ಶಿಸಿ, 1854ರಲ್ಲಿ ಅಮೆರಿಕದಲ್ಲಿ ಅದರ ಪೇಟೆಂಟುಗಳನ್ನು ಪಡೆದನು. ಈ ನಡುವೆ ಗಲೀಶಿಯಾ ಪ್ರಾಂತದ ಲ್ವಿವ್ ನಗರದಲ್ಲಿ ಔಷಧಿ ತಯಾರಕ ಇಗ್ನಾಟ್ಸಿ ವುಕಾಸೆವಿಚ್ ಕಚ್ಚಾ ಪೆಟ್ರೋಲಿಯಂನಿಂದ ಶುದ್ಧಗೊಳಿಸಿದ ಎಣ್ಣೆಗೆ ಹೊಂದುವ ದೀಪವನ್ನು ತಗಡಿನ ಕೆಲಸಗಾರ ಆದಂ ಬ್ರಾಟ್ಕೋವ್ಸ್ಕಿಯಿಂದ ಮಾಡಿಸಿದನು. 1853ರ ಜುಲೈ 31ರ ರಾತ್ರಿ ಅಲ್ಲಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯೊಂದು ಅದರ ಬೆಳಕಿನಲ್ಲಿ ನಡೆಯಿತು. ಆ ದೀಪದ ಕೆಳಭಾಗವೇ ಲೋಹದ ಎಣ್ಣೆಪಾತ್ರೆ. ಪಂಪಿಲ್ಲ, ಕೊಂತವಿಲ್ಲ, ಬೋರಲು ಬಾಟಲಿಯಿಲ್ಲ. ತೆಳುವಾದ ಎಣ್ಣೆ ಚಪ್ಪಟೆ ಬತ್ತಿಯನ್ನು ಹಿಡಿದು ತಾನಾಗಿ ಗೇಣೆತ್ತರ ಏರಬಲ್ಲದಾಗಿದ್ದರಿಂದ, ಹಿಂದಿನ ಎಪ್ಪತ್ತು ವರ್ಷಗಳ ಯಂತ್ರಕೌಶಲವೆಲ್ಲ ಒಮ್ಮೆಲೇ ಅನಗತ್ಯವಾಯಿತು. 1859ರಲ್ಲಿ ಪೆನ್ಸಿಲ್ವೇನಿಯದ ಟೈಟಸ್‌ವಿಲ್‌ನಲ್ಲಿ ಎಡ್ವಿನ್ ಡ್ರೇಕ್ ಕೊರೆದ ಬಾವಿಯಲ್ಲಿ ಎಣ್ಣೆ ಸಿಕ್ಕ ಮೇಲೆ ಆ ಎಣ್ಣೆ ಅಗ್ಗವೂ ಆಯಿತು. ಸಂಗ್ರಹ ಉರಿಯ ನೇರ ಕೆಳಗೆ ಬಂದು, ನೆರಳು ಮತ್ತೆ ಗಾದೆ ಹೇಳಿದ ಜಾಗಕ್ಕೇ ಹಿಂದಿರುಗಿತು.

ಆದರೆ ಉರಿಯ ಕೆಳಗೆ ತೆಳುವಾದ ಎಣ್ಣೆಯನ್ನಿಡುವುದರಲ್ಲಿ ಹೊಸ ಅಪಾಯವಿತ್ತು. ಬರ್ನರಿನ ಲೋಹ ಕಾದು ಬುಡ್ಡಿಯನ್ನು ಬಿಸಿಮಾಡುತ್ತದೆ. ಎಣ್ಣೆ ಇಳಿದಂತೆ ಅದರ ಮೇಲೆ ಖಾಲಿಯಾಗುವ ಜಾಗದಲ್ಲಿ ಆವಿ ಮತ್ತು ಗಾಳಿ ಬೆರೆಯುತ್ತವೆ. ಬತ್ತಿ ಕೊಳವೆಗಿಂತ ತೆಳುವಾಗಿದ್ದರೆ ಅದರ ಪಕ್ಕದ ಸಂದಿನಿಂದ ಕಿಡಿ ಒಳಗಿಳಿಯಬಲ್ಲದು. ಆ ಕಾಲದಲ್ಲಿ ಪೆಟ್ರೋಲ್ ಮತ್ತು ನಾಫ್ತಾಗಳಿಗೆ ಬೇಡಿಕೆಯೇ ಇರಲಿಲ್ಲವಾದ್ದರಿಂದ ಅವನ್ನು ಸೀಮೆಎಣ್ಣೆಗೆ ಬೆರೆಸಿ ಮಾರುವುದು ಲಾಭದ ದಾರಿಯಾಗಿತ್ತು. ನ್ಯೂಯಾರ್ಕಿನ ಆರೋಗ್ಯ ಮಂಡಳಿಯ ರಸಾಯನಜ್ಞ ಚಾರ್ಲ್ಸ್ ಚಾಂಡ್ಲರ್ 1870ರ ಸುಮಾರಿಗೆ ಅಂಗಡಿಗಳ ಎಣ್ಣೆಯನ್ನು ಪರೀಕ್ಷಿಸಿ, ಅದರಲ್ಲಿ ಬಹುಪಾಲು ಅಪಾಯಕಾರಿಯೆಂದು ತೋರಿಸಿದನು. ಎಣ್ಣೆಯನ್ನು ನಿಧಾನವಾಗಿ ಕಾಯಿಸುವಾಗ ಅದರ ಆವಿ ಕಿಡಿ ತಾಗಿ ಒಮ್ಮೆ ಭಗ್ಗನೆ ಹೊತ್ತಿಕೊಳ್ಳುವ ಉಷ್ಣತೆಯನ್ನು ಫ್ಲ್ಯಾಶ್ ಪಾಯಿಂಟ್ ಎನ್ನುತ್ತಾರೆ. ಬ್ರಿಟನ್ನಿನಲ್ಲಿ ಫ್ರೆಡರಿಕ್ ಏಬೆಲ್ ರೂಪಿಸಿದ ಮುಚ್ಚಿದ ಬಟ್ಟಲಿನ ಉಪಕರಣವನ್ನು 1879ರ ಕಾಯಿದೆ ಅಂಗೀಕರಿಸಿ, 73 ಡಿಗ್ರಿ ಫ್ಯಾರನ್‌ಹೀಟನ್ನು, ಎಂದರೆ ಸುಮಾರು 23 ಡಿಗ್ರಿ ಸೆಲ್ಸಿಯಸನ್ನು, ಗಡಿಯೆಂದು ನಿಗದಿ ಮಾಡಿತು. ಲಂಡನ್ನಿನ ಹವೆಗೆ ಸಾಕೆನಿಸಿದ ಈ ಗಡಿಯನ್ನು ರಾಯಚೂರಿನ ಬೇಸಗೆಯ ನಡುಮನೆ ದೀಪ ಹಚ್ಚುವ ಮೊದಲೇ ದಾಟಿರುತ್ತದೆ. ಇಂದಿನ ಭಾರತೀಯ ಮಾನಕ ಸೀಮೆಎಣ್ಣೆಗೆ ಕನಿಷ್ಠ 35 ಡಿಗ್ರಿ ಸೆಲ್ಸಿಯಸ್ಸನ್ನು ಕೇಳುತ್ತದೆ.

ಕಾನೂನು ಎಣ್ಣೆಯನ್ನು ತಿದ್ದಲು ಹೊರಟಿತಾದರೆ, ಪಾತ್ರೆಯನ್ನು ತಿದ್ದುವ ಕೆಲಸವೂ ಏಬೆಲ್ ಮತ್ತು ಅವನ ಜೊತೆಗಾರ ಬೊವರ್ಟನ್ ರೆಡ್‌ವುಡ್ ಅವರದೇ ಆಯಿತು. ಅವರಿಬ್ಬರೂ ಹೊರಡಿಸಿದ ಸಲಹೆಗಳಲ್ಲಿ, ಬುಡ್ಡಿ ಗಾಜು ಅಥವಾ ಪಿಂಗಾಣಿಯದಾಗಿರದೆ ಲೋಹದ್ದಾಗಿರಬೇಕು, ಬರ್ನರ್ ಅದಕ್ಕೆ ಭದ್ರವಾಗಿ ಕೂತಿರಬೇಕು, ಎಣ್ಣೆಯೊಳಗೆ ಇಳಿದ ಬತ್ತಿಯ ಭಾಗವನ್ನು ತೆಳು ತಗಡಿನ ಕೊಳವೆಯಿಂದಲೋ ಗಣಿದೀಪಗಳಲ್ಲಿ ಬಳಸುವಂಥ ಸಣ್ಣ ಕಣ್ಣಿನ ತಂತಿಬಲೆಯಿಂದಲೋ ಸುತ್ತುವರಿಸಬೇಕು ಎಂಬ ಮಾತುಗಳಿವೆ. ತಂತಿಬಲೆಯ ಹಿಂದಿದ್ದುದು ಹಂಫ್ರಿ ಡೇವಿ 1815ರಲ್ಲಿ ಕಲ್ಲಿದ್ದಲು ಗಣಿಗಾಗಿ ಕಂಡುಕೊಂಡ ತತ್ತ್ವ: ಲೋಹದ ಬಲೆ ಶಾಖವನ್ನು ಹಂಚಿ ಕಳೆಯುವುದರಿಂದ ಉರಿ ಅದನ್ನು ದಾಟಿ ಆಚೆಯ ಅನಿಲಕ್ಕೆ ಹಬ್ಬಲಾರದು. ಗಾಜಿನ ಬುಡ್ಡಿಯ ಬಗೆಗಿನ ಎಚ್ಚರಿಕೆಯನ್ನು ಕೊಳ್ಳುವವರು ಬಹುಕಾಲ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ; ಎಣ್ಣೆ ಎಷ್ಟು ಉಳಿದಿದೆಯೆಂದು ಹೊರಗಿನಿಂದಲೇ ಕಾಣುವ ಅನುಕೂಲ ಅವರಿಗೆ ದೊಡ್ಡದಾಗಿ ತೋರಿತ್ತು.

ಕೈಯಲ್ಲಿ ಹಿಡಿದು ನಡೆಯುವ ಲಾಟೀನಿಗೆ ಬಂದಾಗ ಗಾಜಿನ ಮಾತೇ ಉಳಿಯಲಿಲ್ಲ. ಅಮೆರಿಕದ ಜಾನ್ ಅರ್ವಿನ್ 1860ರ ದಶಕದ ಕೊನೆಯಲ್ಲಿ ಪೇಟೆಂಟ್ ಪಡೆದ ಕೊಳವೆ ಲಾಟೀನಿನಲ್ಲಿ ಎರಡು ಪಕ್ಕದ ತಗಡಿನ ಕೊಳವೆಗಳು ಮೇಲಿನ ಬಿಸಿಗಾಳಿಯನ್ನು ಕೆಳಗಿಳಿಸಿ ಬರ್ನರಿಗೆ ಊಡುತ್ತಿದ್ದವು. ಮುಂದಿನ ದಶಕದಲ್ಲಿ ಅವನೇ ಹೊರಗಿನ ತಂಪುಗಾಳಿಯನ್ನು ಊಡುವ ಇನ್ನೊಂದು ಬಗೆಯನ್ನು ರೂಪಿಸಿ ಹೆಚ್ಚು ಬಿಳಿಯಾದ ಬೆಳಕನ್ನು ಪಡೆದನು. 1840ರಲ್ಲಿ ದೀಪದ ವ್ಯಾಪಾರಕ್ಕಿಳಿದ ರಾಬರ್ಟ್ ಡೀಟ್ಜ್‌ನ ಕಂಪನಿ ಈ ಮಾದರಿಗಳನ್ನು ಜಗತ್ತಿನೆಲ್ಲೆಡೆ ಮಾರಿತು, ಜರ್ಮನಿಯ ಸ್ಯಾಕ್ಸನಿಯ ಹರ್ಮನ್ ನೀಯರ್ ಕಾರ್ಖಾನೆಯ ಫೊಯರ್‌ಹಾಂಡ್ ಲಾಟೀನುಗಳು ಮುಂದೆ ಅದಕ್ಕೆ ಪೈಪೋಟಿ ಕೊಟ್ಟವು. ಅರ್ವಿನ್ ರೂಪಿಸಿದ ಬಗೆಯಲ್ಲಿ ಬುಡ್ಡಿ ಕೇವಲ ಎಣ್ಣೆಯ ಡಬ್ಬಿಯಾಗಿರದೆ ಇಡೀ ಚೌಕಟ್ಟಿನ ಅಡಿಪಾಯವಾಗಿದೆ. ಪಕ್ಕದ ಕೊಳವೆಗಳು ಅದರ ಹೆಗಲ ಮೇಲೆ ನಿಲ್ಲುತ್ತವೆ, ಬರ್ನರ್ ಅದರ ನೆತ್ತಿಯಲ್ಲಿ ಕೂರುತ್ತದೆ, ನೆಲಕ್ಕಿಟ್ಟಾಗ ಇಡೀ ಭಾರವನ್ನು ಅದೇ ಹೊರುತ್ತದೆ.

ಈ ಬುಡ್ಡಿಯ ತಗ್ಗಾದ ಅಗಲ ಆಕಾರದಲ್ಲಿ ಹಲವು ಲೆಕ್ಕಗಳು ಅಡಗಿವೆ. ಅಗಲವಾದ ಪಾತ್ರೆಯಲ್ಲಿ ಒಂದಷ್ಟು ಎಣ್ಣೆ ಖರ್ಚಾದರೂ ಮಟ್ಟ ಇಳಿಯುವುದು ಸ್ವಲ್ಪವೇ ಆದ್ದರಿಂದ, ಹಳೆಯ ಬೋರಲು ಪಾತ್ರೆ ಸಾಧಿಸುತ್ತಿದ್ದ ಸಮಮಟ್ಟವನ್ನು ಇದು ಯಾವ ತಂತ್ರವೂ ಇಲ್ಲದೆ ಬಹುಪಾಲು ಸಾಧಿಸುತ್ತದೆ. ಭಾರ ನೆಲದ ಹತ್ತಿರವಿರುವುದರಿಂದ ಲಾಟೀನು ಸುಲಭವಾಗಿ ಉರುಳುವುದಿಲ್ಲ. ಎಣ್ಣೆ ಹೊಯ್ಯುವ ಬಾಯಿಯನ್ನು ನೆತ್ತಿಯಲ್ಲಿಡದೆ ಇಳಿಜಾರಿನಲ್ಲಿ, ನೆತ್ತಿಗಿಂತ ತುಸು ಕೆಳಗೆ ಇಟ್ಟಿರುವುದೂ ಆಕಸ್ಮಿಕವಲ್ಲ. ಸೀಮೆಎಣ್ಣೆ ಪ್ರತಿ ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು ಸಾವಿರದಲ್ಲೊಂದು ಪಾಲು ಹಿಗ್ಗುತ್ತದೆ. ಅಂಚಿನವರೆಗೆ ತುಂಬಿದ ಬುಡ್ಡಿ ಕಾದರೆ ಎಣ್ಣೆ ಬತ್ತಿಯ ಪಕ್ಕದಿಂದ ಉಕ್ಕುತ್ತದೆ. ಬಾಯಿ ಓರೆಯಲ್ಲಿದ್ದಾಗ ಎಣ್ಣೆ ನೆತ್ತಿ ಮುಟ್ಟುವ ಮೊದಲೇ ಅಲ್ಲಿ ತುಳುಕುವುದರಿಂದ, ತುಂಬುವವನು ಎಷ್ಟೇ ಅಜಾಗರೂಕನಾದರೂ ಒಳಗೆ ಒಂದಿಷ್ಟು ಗಾಳಿಯ ಜಾಗ ತಾನಾಗಿ ಉಳಿಯುತ್ತದೆ. ಎಣ್ಣೆ ಖರ್ಚಾದಂತೆ ಒಳಗೆ ಗಾಳಿ ಬರಲು ಬರ್ನರಿನ ಬಳಿ ಸೂಕ್ಷ್ಮ ದಾರಿಯೊಂದು ಬೇಕು, ಅದು ದೊಡ್ಡದಾದರೆ ಲಾಟೀನು ಬಾಗಿದಾಗ ಎಣ್ಣೆ ಚೆಲ್ಲುತ್ತದೆ. ಇಷ್ಟನ್ನೆಲ್ಲ ಹೊಂದಿಸಿ ಫೊಯರ್‌ಹಾಂಡ್‌ನ 276 ಎಂಬ ಚಿಕ್ಕ ಮಾದರಿ ಸುಮಾರು 340 ಮಿಲಿಲೀಟರ್ ಎಣ್ಣೆಯಲ್ಲಿ 20 ಗಂಟೆಗಳಷ್ಟು ಕಾಲ ಉರಿಯುತ್ತದೆ.

ಕೊನೆಗೂ ತಯಾರಕರನ್ನು ಹೆಚ್ಚು ಕಾಡಿದ್ದು ಅಂಚಿನ ಜೋಡಣೆ. ಒತ್ತುಯಂತ್ರದಲ್ಲಿ ಗುಮ್ಮಟದಂತೆ ಒತ್ತಿದ ಮೇಲ್ಭಾಗಕ್ಕೆ ತಳದ ತಟ್ಟೆಯನ್ನು ಕೂಡಿಸುವಲ್ಲಿ, ಬರೀ ಬೆಸುಗೆಯನ್ನು ನಂಬಿದರೆ ತವರ ಮತ್ತು ಸೀಸದ ಆ ಮೆತ್ತನೆಯ ಗೆರೆ ಪೆಟ್ಟು ಬಿದ್ದರೆ ಬಿರಿಯುತ್ತದೆ; ಎರಡೂ ಅಂಚುಗಳನ್ನು ಒಂದರೊಳಗೊಂದು ಮಡಚಿ ಒತ್ತಿದರೆ ಬಲ ಬರುತ್ತದೆ, ಆದರೆ ಮೈತುಂಬ ಹರಡಿಕೊಳ್ಳುವ ಸೀಮೆಎಣ್ಣೆ ಕೂದಲೆಳೆಯ ಸಂದಿನಿಂದಲೂ ಒಸರುತ್ತದೆ. ಮಡಚುವುದು, ಬೆಸೆಯುವುದು ಎರಡೂ ಜೊತೆಯಾಗಿ ಬೇಕಾದವು. ರಾತ್ರಿ ಬುಡ್ಡಿ ತಣಿದಾಗ ಒಳಸೇರಿದ ಗಾಳಿಯ ತೇವ ನೀರಾಗಿ ಇಳಿದು, ಎಣ್ಣೆಗಿಂತ ಭಾರವಾದ್ದರಿಂದ ತಳದ ಅಂಚಿನಲ್ಲೇ ನಿಲ್ಲುತ್ತದೆ. ಹೊರಗಿನಿಂದ ಒದ್ದೆ ನೆಲ, ಒಳಗಿನಿಂದ ಈ ನೀರು, ಎರಡೂ ಅದೇ ಗೆರೆಯನ್ನು ಕೊರೆಯುವುದರಿಂದ ಲಾಟೀನು ಮೊದಲು ತೂತಾಗುವುದು ಅಲ್ಲಿಯೇ. ತಳದ ತಟ್ಟೆಯನ್ನು ಒಳಕ್ಕೆ ಉಬ್ಬಿಸಿದ್ದು, ತಗಡಿಗೆ ತವರದ, ಮುಂದೆ ಸತುವಿನ ಲೇಪ ಕೊಟ್ಟದ್ದು, ಕಡಿಮೆ ತುಂಡುಗಳಿಂದ ಬುಡ್ಡಿಯನ್ನು ಎಳೆದು ಮಾಡಲು ಹೊರಟದ್ದು, ಎಲ್ಲವೂ ಈ ಒಂದು ಗೆರೆಯನ್ನು ಕಾಯುವುದಕ್ಕಾಗಿ.

ಭಾರತಕ್ಕೆ ಲಾಟೀನು ಬಂದದ್ದು ಸೀಮೆಎಣ್ಣೆಯ ಬೆನ್ನಲ್ಲಿ. 19ನೆಯ ಶತಮಾನದಲ್ಲಿ ಇಲ್ಲಿನ ರೈಲ್ವೆಗಳು ದೀಪಗಳಿಗೆ ಹರಳೆಣ್ಣೆಯನ್ನು ಬಳಸುತ್ತಿದ್ದವು. ಆದರೆ ಸೀಮೆಎಣ್ಣೆಯ ಬುಡ್ಡಿಗೆ ಆ ಎಣ್ಣೆಯನ್ನು ಸುರಿದರೆ ಬತ್ತಿ ಹೊತ್ತಿಕೊಂಡು ಕರಿಯಾಗುತ್ತದೆಯೇ ಹೊರತು ಬೆಳಕು ನಿಲ್ಲುವುದಿಲ್ಲ. ಆದ್ದರಿಂದ ಲಾಟೀನು ಕೊಂಡ ಮನೆ ಗಾಣದ ಎಣ್ಣೆಗೆ ಹಿಂದಿರುಗುವ ದಾರಿಯನ್ನು ಕಳೆದುಕೊಂಡಿತು. ಅಮೆರಿಕದ ಎಣ್ಣೆ, 1886ರಲ್ಲಿ ಸ್ಥಾಪನೆಯಾದ ಬರ್ಮಾ ಆಯಿಲ್ ಕಂಪನಿಯ ಎಣ್ಣೆ, 1892ರಿಂದ ಸೂಯೆಜ್ ಕಾಲುವೆಯ ಮೂಲಕ ಟ್ಯಾಂಕರುಗಳಲ್ಲಿ ಏಷ್ಯಾದತ್ತ ಹೊರಟ ರಷ್ಯಾದ ಎಣ್ಣೆ, 1901ರಲ್ಲಿ ಶುರುವಾದ ಅಸ್ಸಾಮಿನ ದಿಗ್ಬಾಯ್ ಶುದ್ಧೀಕರಣಾಗಾರದ ಎಣ್ಣೆ ಪೇಟೆಗಳಿಗೆ ಬಂದವು. ಎಣ್ಣೆ ಬರುತ್ತಿದ್ದ ಸುಮಾರು 18 ಲೀಟರಿನ ಚೌಕಾಕಾರದ ಡಬ್ಬ ಖಾಲಿಯಾದ ಮೇಲೂ ಎಷ್ಟು ಬೆಲೆಬಾಳುತ್ತಿತ್ತೆಂದರೆ, ಟ್ಯಾಂಕರುಗಳಲ್ಲಿ ಸಗಟಾಗಿ ಎಣ್ಣೆ ತಂದು ಖರ್ಚು ಉಳಿಸಲು ಹೊರಟ ವ್ಯಾಪಾರಿಗಳು ಏಷ್ಯಾದ ಕೊಳ್ಳುವವರು ಡಬ್ಬವಿಲ್ಲದೆ ಎಣ್ಣೆ ಒಪ್ಪುವುದಿಲ್ಲವೆಂದು ಕಂಡು, ಡಬ್ಬ ಮಾಡಲು ತೊಡಗಬೇಕಾಯಿತು. ಆ ತಗಡು ಕತ್ತರಿಸಿ ಸ್ಥಳೀಯ ಕೆಲಸಗಾರರು ಮಾಡಿದ ಚಿಮಣಿಬುಡ್ಡಿ ಲಾಟೀನಿನ ಬೆಲೆ ತೆರಲಾರದವರ ದೀಪವಾಯಿತು. ಅದಕ್ಕೆ ಗಾಜಿಲ್ಲ, ಬತ್ತಿಯನ್ನು ಏರಿಳಿಸುವ ತಿರುಪೂ ಇಲ್ಲ, ಏಬೆಲ್ ಮತ್ತು ರೆಡ್‌ವುಡ್ ಹೇಳಿದ ಯಾವ ಎಚ್ಚರಿಕೆಗೂ ಅಲ್ಲಿ ಜಾಗವಿಲ್ಲ.

ಹಳೆಯ ಮೈಸೂರಿನಲ್ಲಿ ಲಾಟೀನು, ಲಾಂದ್ರ ಎಂದೂ ಉತ್ತರದಲ್ಲಿ ಕಂದೀಲು ಎಂದೂ ಕರೆಸಿಕೊಂಡ ಈ ದೀಪಕ್ಕೆ ಸ್ವದೇಶಿ ತಯಾರಿಕೆಯ ಗಟ್ಟಿ ನೆಲೆ ದೊರೆತದ್ದು ಸಾತಾರಾ ಜಿಲ್ಲೆಯ ಕರಾಡದ ಬಳಿ ಓಗಲೆ ಸಹೋದರರು 20ನೆಯ ಶತಮಾನದ ಎರಡನೆಯ ದಶಕದಲ್ಲಿ ಕಟ್ಟಿದ ಗಾಜಿನ ಕಾರ್ಖಾನೆಯಲ್ಲಿ. ಮೊದಲು ಗಾಜು, ಆಮೇಲೆ ಇಡೀ ಲಾಟೀನು ಎಂಬ ಕ್ರಮದಲ್ಲಿ ಬೆಳೆದ ಆ ಕಾರ್ಖಾನೆಯ ಪ್ರಭಾಕರ ಕಂದೀಲು ಮನೆಮಾತಾಯಿತು. ವಿದ್ಯುತ್ತು ಅಷ್ಟರಲ್ಲಿ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಿಗೂ ಬಂದಿತ್ತಾದರೂ, ಹಳ್ಳಿಗಳಿಗೆ ಅದು ತಲುಪಲು ದಶಕಗಳೇ ಹಿಡಿದುದರಿಂದ ಲಾಟೀನು ಮತ್ತು ತಂತಿ ಒಂದೇ ನಾಡಿನಲ್ಲಿ ಬಹುಕಾಲ ಜೊತೆಗೇ ಬಾಳಿದವು.

ಹೆಚ್ಚು ಬೆಳಕು ಬೇಕಾದೆಡೆಗೆ ಬಂದದ್ದು ಬರ್ಲಿನ್ನಿನ ಮ್ಯಾಕ್ಸ್ ಗ್ರೇಟ್ಜ್ 1910ರ ದಶಕದಲ್ಲಿ ಹೊರತಂದ ಪೆಟ್ರೋಮ್ಯಾಕ್ಸ್. ಅದರ ಹಿತ್ತಾಳೆಯ ಬುಡ್ಡಿಗೆ ಕೈಪಂಪಿನಿಂದ ಗಾಳಿ ತುಂಬಿ, ಆ ಒತ್ತಡದಲ್ಲಿ ಮೇಲೇರಿದ ಎಣ್ಣೆಯನ್ನು ಬಿಸಿಕೊಳವೆಯಲ್ಲಿ ಆವಿಯಾಗಿಸಿ, ಆವರ್ ಫಾನ್ ವೆಲ್ಸ್‌ಬಾಕ್ ಕಂಡುಹಿಡಿದ ಮ್ಯಾಂಟಲ್ಲನ್ನು, ಎಂದರೆ ಕಾದು ಬೆಳಗುವ ಬಲೆಚೀಲವನ್ನು, ಉಜ್ವಲಗೊಳಿಸುತ್ತಾರೆ. ಕಾರ್ಸೆಲ್ ಮತ್ತು ಫ್ರಾಂಶೋ ಹಿಡಿದಿದ್ದ, ಸೀಮೆಎಣ್ಣೆ ಬಂದ ಮೇಲೆ ಅನಗತ್ಯವಾಗಿದ್ದ ಒತ್ತಡದ ದಾರಿ ಇಲ್ಲಿ ಬೇರೆ ಉದ್ದೇಶದಿಂದ ಮರಳಿತು. ಬುಡ್ಡಿಗೆ ಈಗ ಸೋರದಿರುವುದಷ್ಟೇ ಸಾಲದಾಗಿ, ಒತ್ತಡ ಎಲ್ಲ ಕಡೆ ಸಮವಾಗಿ ಹರಡುವ ದುಂಡು ಆಕಾರ, ದಪ್ಪ ಲೋಹ, ಒತ್ತಡದ ಮಾಪಕ ಬೇಕಾದವು. ಮದುವೆಯ ಮೆರವಣಿಗೆಗೂ ಯಕ್ಷಗಾನದ ರಂಗಸ್ಥಳಕ್ಕೂ ಇದು ಬಂದಾಗ ದೀವಟಿಗೆಯವನ ಕೈಯ ಎಣ್ಣೆಪಾತ್ರೆಗೆ ಕೆಲಸ ಉಳಿಯಲಿಲ್ಲ, ಆದರೆ ಆಗಾಗ ಬಂದು ಪಂಪು ಹೊಡೆಯುವ ಒಬ್ಬ ಮನುಷ್ಯ ಮಾತ್ರ ಬೇಕೇ ಆದನು. ಇದೇ ತತ್ತ್ವವನ್ನು ಕಡಿಮೆ ಒತ್ತಡಕ್ಕೆ ಇಳಿಸಿ, ಹಲವು ಇಂಧನಗಳಿಗೆ ಹೊಂದಿಸಿದ ನೂರಿ ಎಂಬ ಲಾಟೀನು 20ನೆಯ ಶತಮಾನದ ಕೊನೆಯಲ್ಲಿ ಫಲಟಣದ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡಿತು. ಪ್ರಭಾಕರ ಕಂದೀಲು ಹುಟ್ಟಿದ ಸಾತಾರಾ ಜಿಲ್ಲೆಯಲ್ಲೇ ಇದೂ ಹುಟ್ಟಿದ್ದು ಗಮನಿಸಬೇಕಾದ ಸಂಗತಿ.

ಸಾಧಾರಣ ಲಾಟೀನು ಮಾತ್ರ ತಳದ ಆ ಗೆರೆಯ ತೊಂದರೆಯನ್ನು ಪೂರ್ತಿಯಾಗಿ ಕಳೆದುಕೊಳ್ಳಲಿಲ್ಲವಾದ್ದರಿಂದ, ಸಂತೆಗಳಲ್ಲೂ ಪೇಟೆಬೀದಿಗಳಲ್ಲೂ ತಗಡಿನ ಕೆಲಸದವರಿಗೆ ಅದರ ರಿಪೇರಿ ಒಂದು ಖಾಯಂ ಕೆಲಸವಾಗಿ ಉಳಿಯಿತು. ತೂತಾದ ಜಾಗವನ್ನು ಉಜ್ಜಿ ಹೊಳಪು ಬರಿಸಿ, ನವಸಾಗರ ಹಚ್ಚಿ, ಕಾದ ಬೆಸುಗೆಕೋಲಿನಿಂದ ಬೆಸುಗೆಯ ಎಳೆಯನ್ನು ಹರಿಯಬಿಡುವುದು ಅವರಿಗೆ ಕೆಲವು ನಿಮಿಷಗಳ ಕೆಲಸ. ಎಣ್ಣೆ ಸುರಿದು ಬರಿದಾಗಿಸಿದ ಬುಡ್ಡಿಯಲ್ಲಿ ಆವಿ ಉಳಿದಿರುತ್ತದೆಂದೂ, ಅದು ತುಂಬಿದ ಬುಡ್ಡಿಗಿಂತ ಅಪಾಯಕಾರಿಯೆಂದೂ ಬಲ್ಲ ಕೆಲಸಗಾರನು ಕಾವನ್ನು ಮುಟ್ಟಿಸುವ ಮೊದಲು ಬುಡ್ಡಿಯನ್ನು ತೊಳೆದು, ತೂತಿನ ಮಟ್ಟದವರೆಗೆ ನೀರು ತುಂಬಿಸಿಕೊಳ್ಳುವನು.